ಬೇಲಿ ಸರಿಸುತ್ತಾ ಹೋದ ದೇಶ

1854ರ ಮಾರ್ಚ್ ತಿಂಗಳು. ಆಗಿನ್ನೂ ಮೀನುಗಾರರ ಹಳ್ಳಿಯಾಗಿದ್ದ ಯೊಕೊಹಾಮಾದ ಕಡಲ ದಂಡೆಯಲ್ಲಿ ಅಮೆರಿಕದ ನಾವಿಕರು ದುಂಡಗೆ ಹಳಿ ಜೋಡಿಸಿ, ಅದರ ಮೇಲೊಂದು ಪುಟ್ಟ ಉಗಿಬಂಡಿ ಓಡಿಸಿ ತೋರಿಸಿದರು. ನಿಜವಾದ ರೈಲಿನ ಕಾಲು ಭಾಗದಷ್ಟೇ ಗಾತ್ರ. ಬೋಗಿಯೊಳಗೆ ಆರು ವರ್ಷದ ಮಗು ಕೂರುವುದೂ ಕಷ್ಟ. ಆದರೂ ಜಪಾನಿನ ಅಧಿಕಾರಿಯೊಬ್ಬ ಬಿಡಲಿಲ್ಲ. ಬೋಗಿಯ ಮೇಲೆಯೇ ಹತ್ತಿ, ಅಂಚನ್ನು ಎರಡೂ ಕೈಯಲ್ಲಿ ಬಿಗಿಹಿಡಿದು ಕೂತುಬಿಟ್ಟ. ಗಂಟೆಗೆ ಇಪ್ಪತ್ತು ಮೈಲಿ ವೇಗದಲ್ಲಿ ಬಂಡಿ ಸುತ್ತು ಹಾಕುತ್ತಿದ್ದರೆ ಅವನ ನಿಲುವಂಗಿ ಗಾಳಿಗೆ ಪಟಪಟ ಬಡಿಯುತ್ತಿತ್ತು. ಅರ್ಧ ಹೆದರಿಕೆ, ಅರ್ಧ ಸಂತೋಷ. ಮೈಯೆಲ್ಲ ನಡುಗುತ್ತಿದ್ದರೂ ಮುಖದ ತುಂಬ ನಗು.

ಆ ಆಟದ ರೈಲನ್ನು ಉಡುಗೊರೆಯಾಗಿ ತಂದವನು ಅಮೆರಿಕದ ನೌಕಾಪಡೆಯ ಮ್ಯಾಥ್ಯೂ ಪೆರಿ. ಹಿಂದಿನ ವರ್ಷದ ಜುಲೈನಲ್ಲಿ ನಾಲ್ಕು ಯುದ್ಧನೌಕೆಗಳೊಂದಿಗೆ ಬಂದು, ಬಾಗಿಲು ತೆರೆಯಿರಿ, ಉತ್ತರ ಕೇಳಲು ಮತ್ತೆ ಬರುತ್ತೇನೆ ಎಂದು ಹೇಳಿ ಹೋಗಿದ್ದವನೂ ಅವನೇ. ಕಪ್ಪು ಬಣ್ಣದ ಆ ನೌಕೆಗಳನ್ನು ಜಪಾನೀಯರು ‘ಕರಿ ಹಡಗು’ ಎಂದೇ ಕರೆದರು. ಒಂದು ಕೈಯಲ್ಲಿ ರೈಲು, ಇನ್ನೊಂದು ಕೈಯಲ್ಲಿ ಫಿರಂಗಿ. ಜಪಾನ್ ಸಹಿ ಹಾಕಿತು. 1858ರಲ್ಲಿ ಅಮೆರಿಕ, ಬ್ರಿಟನ್, ರಷ್ಯಾ, ಫ್ರಾನ್ಸ್, ಹಾಲೆಂಡ್ ಜೊತೆ ಸಾಲಾಗಿ ಒಪ್ಪಂದಗಳಾದವು. ಜಪಾನಿನ ನೆಲದಲ್ಲಿ ವಿದೇಶಿಯೊಬ್ಬ ಅಪರಾಧ ಮಾಡಿದರೆ ಅವನನ್ನು ವಿಚಾರಿಸುವವನು ಅವನದೇ ದೇಶದ ಕಾನ್ಸಲ್. ಆಮದು ಸುಂಕ ಎಷ್ಟಿರಬೇಕೆಂದು ಜಪಾನ್ ತಾನೇ ನಿರ್ಧರಿಸುವಂತಿರಲಿಲ್ಲ. 1866ರ ಹೊತ್ತಿಗೆ ಅದು ಶೇ. 5ರ ಆಸುಪಾಸಿಗೆ ಇಳಿದಿತ್ತು. ಮನೆ ತಮ್ಮದು, ಬಾಗಿಲ ಬೀಗದ ಕೈ ಮಾತ್ರ ಹೊರಗಿನವರದು.

ಪೆರಿ ಮೊದಲು ಬಂದು ಇಪ್ಪತ್ತೆರಡೇ ವರ್ಷ. 1875ರಲ್ಲಿ ‘ಉನ್ಯೊ’ ಎಂಬ ಜಪಾನಿ ಯುದ್ಧನೌಕೆ ಕೊರಿಯಾದ ಗಂಗ್‌ಹ್ವಾ ದ್ವೀಪದ ಬಳಿ ಸುಳಿದಾಡಿತು. ಕೋಟೆಯಿಂದ ಗುಂಡು ಹಾರಿತು, ನೌಕೆ ಕೋಟೆಯನ್ನೇ ಹೊಡೆದುರುಳಿಸಿತು. ಮರುವರ್ಷದ ಫೆಬ್ರುವರಿಯಲ್ಲಿ ಜಪಾನ್ ತನ್ನ ಯುದ್ಧನೌಕೆಗಳ ಸಾಲನ್ನು ಕೊರಿಯಾದ ಕಣ್ಣೆದುರು ನಿಲ್ಲಿಸಿ ಒಪ್ಪಂದ ಮಾಡಿಕೊಂಡಿತು. ಬಂದರುಗಳು ತೆರೆಯಬೇಕು, ಕೊರಿಯಾದಲ್ಲಿರುವ ಜಪಾನೀಯರನ್ನು ಕೊರಿಯಾದ ನ್ಯಾಯಾಲಯ ವಿಚಾರಿಸುವಂತಿಲ್ಲ, ಜಪಾನಿನ ಸರಕಿಗೆ ಸುಂಕವಿಲ್ಲ. ಪೆರಿ ಕಲಿಸಿದ ಪಾಠವನ್ನು ಜಪಾನ್ ಅಕ್ಷರಕ್ಕೆ ಅಕ್ಷರ ಒಪ್ಪಿಸಿತು. ತನ್ನ ಕೊರಳಿನ ಕುಣಿಕೆ ಇನ್ನೂ ಬಿಚ್ಚಿರದಿದ್ದಾಗಲೇ ಅದೇ ಹಗ್ಗದಿಂದ ನೆರೆಯವನಿಗೆ ಕುಣಿಕೆ ಹೆಣೆಯಿತು.

ಯಾಕೆ? ಕೈಗಾರಿಕೆ ಬೆಳೆದ ದೇಶ ಕಡಲಾಚೆ ಕಾಲಿಡುವುದೇಕೆ ಎಂಬುದಕ್ಕೆ ಸಿದ್ಧ ಉತ್ತರವೊಂದಿದೆ: ಗಿರಣಿಗಳು ದುಡಿದು ರಾಶಿ ಹಾಕಿದ ಮಾಲಿಗೆ ಮಾರುಕಟ್ಟೆ ಬೇಕು, ಬಂಡವಾಳಗಾರರ ಬಳಿ ಮಿಕ್ಕ ಹಣಕ್ಕೆ ಹೂಡಿಕೆಯ ಜಾಗ ಬೇಕು, ಯಂತ್ರಗಳಿಗೆ ಕಚ್ಚಾವಸ್ತು ಬೇಕು. ಇಂಗ್ಲೆಂಡಿನ ಹಾಬ್ಸನ್ 1902ರಲ್ಲಿ, ಆಮೇಲೆ ಲೆನಿನ್ ಇದನ್ನು ವಿಸ್ತಾರವಾಗಿ ವಾದಿಸಿದರು. ಬ್ರಿಟನ್ನಿಗೆ ಇದು ಎಷ್ಟು ಹೊಂದುತ್ತದೋ ಆ ಚರ್ಚೆ ಬೇರೆ. ಜಪಾನಿಗಂತೂ ಹೊಂದುವುದಿಲ್ಲ. 1876ರಲ್ಲಿ ಆ ದೇಶದಲ್ಲಿ ಮಿಕ್ಕ ಮಾಲೂ ಇರಲಿಲ್ಲ, ಮಿಕ್ಕ ಹಣವೂ ಇರಲಿಲ್ಲ. ಸರ್ಕಾರದ ಬೊಕ್ಕಸ ತುಂಬುತ್ತಿದ್ದುದು ರೈತರ ಭೂಕಂದಾಯದಿಂದ. ವಿದೇಶಿ ವಿನಿಮಯ ಬರುತ್ತಿದ್ದುದು ಮುಖ್ಯವಾಗಿ ಒಂದು ಹುಳುವಿನಿಂದ.

ಆ ಹುಳುವಿನ ಕಥೆಯನ್ನು ತುಸು ಹತ್ತಿರದಿಂದ ನೋಡಬೇಕು. ಯೂರೋಪಿನಲ್ಲಿ ರೇಷ್ಮೆಹುಳುಗಳಿಗೆ ಪೆಬ್ರಿನ್ ರೋಗ ತಗುಲಿ ಫ್ರಾನ್ಸ್, ಇಟಲಿಯ ಸಾಕಣೆ ನೆಲಕಚ್ಚಿದ್ದ ಕಾಲವದು. ಜಪಾನಿನ ಮೊಟ್ಟೆಗೂ ನೂಲಿಗೂ ಏಕಾಏಕಿ ಬೇಡಿಕೆ ಬಂತು. ಆದರೆ ಕೈಯಲ್ಲಿ ಬಿಚ್ಚಿದ ನೂಲು ಒಂದೇ ಸಮ ಇರುತ್ತಿರಲಿಲ್ಲ. ಅದಕ್ಕೆಂದೇ ಸರ್ಕಾರ 1872ರ ಅಕ್ಟೋಬರಿನಲ್ಲಿ ತೊಮಿಯೊಕ ಎಂಬಲ್ಲಿ ಫ್ರಾನ್ಸಿನ ಪೌಲ್ ಬ್ರ್ಯೂನಾನ ಮೇಲ್ವಿಚಾರಣೆಯಲ್ಲಿ 300 ಕುದಿಬಾಣಲೆಗಳ ಫಿಲೇಚರ್, ಅಂದರೆ ನೂಲು ಬಿಚ್ಚುವ ಕಾರ್ಖಾನೆ, ತೆರೆಯಿತು. ಕೆಲಸಕ್ಕೆ ಹುಡುಗಿಯರೇ ಬರಲೊಲ್ಲರು. ಫ್ರೆಂಚರು ಕೆಂಪು ವೈನ್ ಕುಡಿಯುವುದನ್ನು ಕಂಡವರು, ಅವರು ಕುಡಿಯುವುದು ಹುಡುಗಿಯರ ರಕ್ತ ಎಂದು ಗುಲ್ಲೆಬ್ಬಿಸಿದ್ದರು. ಕೊನೆಗೆ ಕಾರ್ಖಾನೆಯ ಮುಖ್ಯಸ್ಥ ಒದಾಕಾ ಅತ್ಸುತಾದಾ ತನ್ನ ಹದಿಹರೆಯದ ಮಗಳನ್ನೇ ಮೊದಲ ಕೆಲಸಗಾರ್ತಿಯಾಗಿ ಸೇರಿಸಬೇಕಾಯಿತು.

ಮರುವರ್ಷ ನಾಗಾನೊ ಸೀಮೆಯ ಮತ್ಸುಶಿರೊದಿಂದ ವಾದಾ ಎಯ್ ಎಂಬ ಹುಡುಗಿ ಬಂದಳು. ಸಮುರಾಯ್ ಮನೆತನದವಳು, ವಯಸ್ಸು ಹದಿನೈದು. ಬಂದ ಕೂಡಲೇ ಬಾಣಲೆಯ ಮುಂದೆ ಕೂರಿಸಲಿಲ್ಲ. ಮೊದಲು ಗೂಡು ವಿಂಗಡಿಸುವ ಕೆಲಸ. ಚುಕ್ಕೆ ಇದ್ದದ್ದು, ತೆಳುವಾದದ್ದು, ಜೋಡಿ ಗೂಡು ಎಲ್ಲವನ್ನೂ ಬೇರೆಮಾಡುತ್ತಾ ಬೆಳಗಿನಿಂದ ಸಂಜೆಯವರೆಗೆ ಕೂರಬೇಕು. ಆಮೇಲೆ ಕುದಿನೀರಿನಲ್ಲಿ ಗೂಡಿನ ತುದಿಯೆಳೆ ಹುಡುಕಿ ನಾಲ್ಕೈದನ್ನು ಸೇರಿಸಿ ಒಂದೇ ನೂಲಾಗಿ ಎಳೆಯುವ ವಿದ್ಯೆ. ರಾಮನಗರದಲ್ಲೋ ಶಿಡ್ಲಘಟ್ಟದಲ್ಲೋ ಬಿಚ್ಚಾಣಿಕೆ ಕಂಡವರಿಗೆ ಆ ವಾಸನೆ, ಆ ಬಿಸಿ, ಬೆರಳ ತುದಿ ಸುಕ್ಕುಗಟ್ಟುವುದು ಎಲ್ಲವೂ ಗೊತ್ತು. ಎಯ್ ವಿದ್ಯೆ ಕಲಿತು ಊರಿಗೆ ಮರಳಿ ಅಲ್ಲಿನ ಕಾರ್ಖಾನೆಯಲ್ಲಿ ಬೇರೆ ಹುಡುಗಿಯರಿಗೆ ಕಲಿಸಿದಳು. ಮುಂದೆ ತನ್ನ ನೆನಪುಗಳನ್ನು ಬರೆದಿಟ್ಟಳು. ಇಂಥ ಸಾವಿರಾರು ಬೆರಳುಗಳ ದುಡಿಮೆಯಿಂದ 1909ರ ಹೊತ್ತಿಗೆ ಜಪಾನ್ ಚೀನಾವನ್ನು ಹಿಂದಿಕ್ಕಿ ಜಗತ್ತಿನಲ್ಲೇ ಅತಿ ಹೆಚ್ಚು ಕಚ್ಚಾ ರೇಷ್ಮೆ ಮಾರುವ ದೇಶವಾಯಿತು. ಯುದ್ಧನೌಕೆಗೆ ಹಣ ಹೊಂದಿಕೆಯಾದದ್ದೂ ಇದೇ ನೂಲಿನಿಂದ. ನಾಗಾನೊ ಹೆಸರನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಈ ಕಥೆ ಅಲ್ಲಿಗೇ ಮರಳುತ್ತದೆ.

ಹೀಗೆ ರೇಷ್ಮೆ ಬಿಚ್ಚಿ ಕಾಸು ಕೂಡಿಸುತ್ತಿದ್ದ ಬಡ ದೇಶವನ್ನು ಹೊರಕ್ಕೆ ದೂಡಿದ್ದು ಮೊದಲಿಗೆ ಭಯ. 1871ರ ಕೊನೆಯಲ್ಲಿ ಸರ್ಕಾರದ ಘಟಾನುಘಟಿಗಳೇ ಇವಾಕುರಾ ತೊಮೊಮಿಯ ನೇತೃತ್ವದಲ್ಲಿ ಅಮೆರಿಕ, ಯೂರೋಪ್ ಸುತ್ತಲು ಹೊರಟಿದ್ದರು. ಒಪ್ಪಂದಗಳನ್ನು ತಿದ್ದಿಸಿಕೊಳ್ಳುವ ಆಸೆಯಿತ್ತು, ವಾಷಿಂಗ್ಟನ್ನಿನಲ್ಲೇ ಅದು ಮುರಿಯಿತು. 1873ರ ಮಾರ್ಚ್‌ನಲ್ಲಿ ಬರ್ಲಿನ್ನಿನ ಔತಣದಲ್ಲಿ ಬಿಸ್ಮಾರ್ಕ್ ಅವರಿಗೆ ನೇರವಾಗಿ ಹೇಳಿದ: ಅಂತರರಾಷ್ಟ್ರೀಯ ಕಾನೂನು ಬಲಿಷ್ಠರಿಗೆ ಲಾಭವಿದ್ದಾಗ ಮಾತ್ರ ನಡೆಯುತ್ತದೆ, ಲಾಭವಿಲ್ಲದಿದ್ದರೆ ಅವರು ಸೈನ್ಯ ಕಳಿಸುತ್ತಾರೆ. ಪ್ರಷ್ಯಾ ಚಿಕ್ಕದಾಗಿದ್ದಾಗ ತಾನು ಇದನ್ನು ಉಂಡವನು ಎಂದೂ ಸೇರಿಸಿದ. ಸುತ್ತಮುತ್ತ ಕಂಡದ್ದೆಲ್ಲ ಆ ಮಾತಿಗೆ ಸಾಕ್ಷಿ ನುಡಿಯುತ್ತಿತ್ತು. ಭಾರತ ಬ್ರಿಟಿಷರ ಕೈಯಲ್ಲಿ, ಚೀನಾ ಅಫೀಮು ಯುದ್ಧಗಳಲ್ಲಿ ಸೋತು ಕುಸಿದಿದೆ, ವಿಯೆಟ್ನಾಂ ಫ್ರಾನ್ಸಿನ ಬಾಯಿಗೆ ಬೀಳುತ್ತಿದೆ, ರಷ್ಯಾ ಉತ್ತರದಿಂದ ಇಳಿದು ಬರುತ್ತಿದೆ.

ದೇಶದೊಳಗೂ ಕುದಿತವಿತ್ತು. 1868ರಲ್ಲಿ ಶೋಗನ್ ಆಡಳಿತ ಹೋಗಿ ಮೇಜಿ ಚಕ್ರವರ್ತಿಯ ಸರ್ಕಾರ ಬಂದ ಬಳಿಕ ಸುಮಾರು ನಾಲ್ಕು ಲಕ್ಷ ಸಮುರಾಯ್ ಕುಟುಂಬಗಳು ಕೆಲಸವಿಲ್ಲದೆ ಕೂತಿದ್ದವು. ಖಡ್ಗ ಧರಿಸುವ ಹಕ್ಕೂ ವಂಶಪಾರಂಪರ್ಯದ ಸಂಬಳವೂ ಕೈತಪ್ಪುವ ದಾರಿಯಲ್ಲಿದ್ದವು. 1873ರಲ್ಲಿ ಸರ್ಕಾರದ ಹಿರಿಯ ನಾಯಕ ಸೈಗೊ ತಕಾಮೊರಿ ಕೊರಿಯಾದ ಮೇಲೆ ದಂಡೆತ್ತೋಣ ಎಂದು ಪಟ್ಟು ಹಿಡಿದದ್ದರ ಹಿಂದೆ ಈ ಸಿಟ್ಟಿಗೊಂದು ದಾರಿ ಕಾಣಿಸುವ ಲೆಕ್ಕವೂ ಇತ್ತು. ಯೂರೋಪಿನಿಂದ ಮರಳಿದವರು ತಡೆದರು. ಅವರ ವಾದ ಬೇಡವೆಂದಲ್ಲ, ಈಗಲೇ ಬೇಡ ಎಂದು.

1890ರ ಡಿಸೆಂಬರಿನಲ್ಲಿ ಜಪಾನಿನ ಮೊದಲ ಸಂಸತ್ತಿನಲ್ಲಿ ಪ್ರಧಾನಿ ಯಮಗಾಟ ಅರಿತೊಮೊ ಮಾಡಿದ ಭಾಷಣದಲ್ಲಿ ಇಡೀ ಮುಂದಿನ ಅರ್ಧ ಶತಮಾನ ಅಡಗಿದೆ. ಯಾವುದೇ ದೇಶಕ್ಕೆ ಎರಡು ಗೆರೆಗಳಿರುತ್ತವೆ ಎಂದ ಅವನು. ಒಂದು ಸಾರ್ವಭೌಮತ್ವದ ಗೆರೆ, ಅಂದರೆ ಗಡಿ. ಇನ್ನೊಂದು ಹಿತಾಸಕ್ತಿಯ ಗೆರೆ, ಅಂದರೆ ಗಡಿಯ ಸುರಕ್ಷತೆಗೆ ಅಂಟಿಕೊಂಡ ಹೊರಗಿನ ನೆಲ. ಗಡಿ ಕಾಯಬೇಕಾದರೆ ಎರಡನೆಯ ಗೆರೆಯನ್ನೂ ಕಾಯಬೇಕು. ಆ ಹೊತ್ತಿಗೆ ಜಪಾನಿನ ಎರಡನೆಯ ಗೆರೆ ಕೊರಿಯಾದಲ್ಲಿತ್ತು.

ರೈತನಿಗೆ ಇದರ ಅಪಾಯ ಚೆನ್ನಾಗಿ ಅರ್ಥವಾಗುತ್ತದೆ. ಹೊಲ ಕಾಯಲು ಪಕ್ಕದವನ ಹೊಲದಲ್ಲಿ ಬೇಲಿ ಹಾಕಿದರೆ ಆ ಬೇಲಿ ಕಾಯಲು ಅದರಾಚೆಯ ಹೊಲ ಬೇಕಾಗುತ್ತದೆ. ಕೊರಿಯಾ ಉಳಿಸಿಕೊಳ್ಳಲು ಮಂಚೂರಿಯಾ ಬೇಕಾಯಿತು, ಮಂಚೂರಿಯಾ ಉಳಿಸಿಕೊಳ್ಳಲು ಉತ್ತರ ಚೀನಾ, ಚೀನಾದ ಯುದ್ಧ ಮುಂದುವರಿಸಲು ಆಗ್ನೇಯ ಏಷ್ಯಾದ ಎಣ್ಣೆ. ಗೆರೆ ಎಲ್ಲಿಯೂ ನಿಲ್ಲಲಿಲ್ಲ.

ಮೊದಲ ದೊಡ್ಡ ಜಿಗಿತ 1894ರಲ್ಲಿ. ಜುಲೈ 16ರಂದು ಲಂಡನ್ನಿನಲ್ಲಿ ಬ್ರಿಟನ್ ಹೊಸ ಒಪ್ಪಂದಕ್ಕೆ ಸಹಿ ಹಾಕಿ, ಐದು ವರ್ಷದಲ್ಲಿ ಕಾನ್ಸಲ್ ನ್ಯಾಯಾಲಯಗಳನ್ನು ಕೈಬಿಡಲು ಒಪ್ಪಿತು. ಸರಿಯಾಗಿ ಒಂಬತ್ತು ದಿನಕ್ಕೆ, ಜುಲೈ 25ಕ್ಕೆ, ಕೊರಿಯಾದ ಕಡಲಲ್ಲಿ ಜಪಾನಿನ ನೌಕೆಗಳು ಚೀನಾದ ನೌಕೆಗಳ ಮೇಲೆ ಗುಂಡು ಹಾರಿಸಿದವು. ಸಮಾನನೆಂದು ಒಪ್ಪಿಸಿಕೊಂಡ ಗಳಿಗೆಯೂ ನೆರೆಯವನ ಮೇಲೆ ಬಿದ್ದ ಗಳಿಗೆಯೂ ಇಷ್ಟು ಅಕ್ಕಪಕ್ಕ ಇದ್ದುದು ಮನ ಕಲಕುವ ಸಂಗತಿ. ಯುದ್ಧ ಒಂಬತ್ತು ತಿಂಗಳಿಗೆ ಮುಗಿಯಿತು. 1895ರ ಏಪ್ರಿಲ್ 17ರ ಶಿಮೊನೊಸೆಕಿ ಒಪ್ಪಂದದಲ್ಲಿ ಚೀನಾ ತೈವಾನನ್ನೂ ಲಿಯಾದೊಂಗ್ ಪರ್ಯಾಯದ್ವೀಪವನ್ನೂ ಬಿಟ್ಟುಕೊಟ್ಟು, 20 ಕೋಟಿ ಟೇಲ್ ಬೆಳ್ಳಿ ದಂಡ ತೆರಲು ಒಪ್ಪಿತು.

ಆ ಹಣವೇ ದಾರಿ ತಪ್ಪಿಸಿತು ಎಂದರೆ ತಪ್ಪಾಗದು. ಮುಂದೆ ಸೇರಿದ ಮೊತ್ತವೂ ಕೂಡಿ ಬಂದದ್ದು ಜಪಾನ್ ಸರ್ಕಾರದ ಯುದ್ಧಪೂರ್ವದ ವಾರ್ಷಿಕ ಬಜೆಟ್ಟಿನ ನಾಲ್ಕು ಪಟ್ಟಿಗೂ ಹೆಚ್ಚು. ಹೆಚ್ಚಿನ ಪಾಲು ಭೂಸೇನೆ, ನೌಕಾಸೇನೆಗೆ ಹೋಯಿತು. 1897ರಲ್ಲಿ ದೇಶ ಚಿನ್ನದ ಪ್ರಮಾಣಕ್ಕೆ ಬದಲಾದದ್ದೂ ಇದರ ಬಲದಿಂದ. ಒಂದಂಶ ಯವಾತಾ ಉಕ್ಕಿನ ಕಾರ್ಖಾನೆಗೆ ಸಂದಿತು. ಅದು 1901ರಲ್ಲಿ ಉರಿ ಹೊತ್ತಿಸಿದಾಗ ಅದಿರು ಬಂದದ್ದು ಚೀನಾದ ದಾಯೆ ಗಣಿಯಿಂದ. ಇಲ್ಲಿ ಕ್ರಮ ಗಮನಿಸಬೇಕು. ಉಕ್ಕಿನ ಕಾರ್ಖಾನೆ ತುಂಬಿ ತುಳುಕಿ ಯುದ್ಧ ಹುಟ್ಟಲಿಲ್ಲ. ಯುದ್ಧದ ಗಳಿಕೆಯಿಂದ ಉಕ್ಕಿನ ಕಾರ್ಖಾನೆ ಹುಟ್ಟಿತು. ಯುದ್ಧವೂ ಲಾಭದ ದಂಧೆಯಾಗಬಲ್ಲದು ಎಂಬ ನಂಬಿಕೆ ಬೇರೂರಿದ್ದು ಆಗ.

ಸಂಭ್ರಮ ಒಂದು ವಾರವೂ ಉಳಿಯಲಿಲ್ಲ. ಏಪ್ರಿಲ್ 23ರಂದು ರಷ್ಯಾ, ಜರ್ಮನಿ, ಫ್ರಾನ್ಸ್ ಮೂರೂ ಸೇರಿ ಲಿಯಾದೊಂಗ್ ಹಿಂದಿರುಗಿಸುವಂತೆ ‘ಸಲಹೆ’ ಕೊಟ್ಟವು. ಜಪಾನ್ ಹಲ್ಲು ಕಚ್ಚಿ ಒಪ್ಪಿತು. ಮೂರು ವರ್ಷಕ್ಕೆ ಅದೇ ನೆಲವನ್ನು ರಷ್ಯಾ ಗುತ್ತಿಗೆಗೆ ಪಡೆದು ಪೋರ್ಟ್ ಆರ್ಥರಿನಲ್ಲಿ ಬಾವುಟ ಏರಿಸಿತು. ಈ ಅವಮಾನ ಶಾಲೆಯ ಮಕ್ಕಳವರೆಗೆ ತಲುಪಿತು. ರೈತರ ತೆರಿಗೆ ಏರಿತು, ನೌಕಾಪಡೆ ಬೆಳೆಯಿತು. 1904ರಲ್ಲಿ ರಷ್ಯಾದೊಡನೆ ಯುದ್ಧಕ್ಕಿಳಿದಾಗಲೂ ಜಪಾನಿನ ಬಳಿ ಹಣವಿರಲಿಲ್ಲ. ತಾಕಾಹಾಶಿ ಕೊರೆಕಿಯೊ ಎಂಬ ಬ್ಯಾಂಕ್ ಅಧಿಕಾರಿ ಲಂಡನ್, ನ್ಯೂಯಾರ್ಕುಗಳಲ್ಲಿ ಬಾಗಿಲಿಂದ ಬಾಗಿಲಿಗೆ ಅಲೆದು ಸಾಲ ತಂದ. ಮಿಕ್ಕ ಬಂಡವಾಳಕ್ಕೆ ಜಾಗ ಹುಡುಕುತ್ತಾ ಹೊರಟ ದೇಶ ಸಾಲ ಮಾಡಿ ದಂಡೆತ್ತುವುದಿಲ್ಲ.

1905ರ ಮೇ ತಿಂಗಳಲ್ಲಿ ತ್ಸುಶಿಮಾದಲ್ಲಿ ರಷ್ಯಾದ ನೌಕಾಪಡೆ ಮುಳುಗಿದ ಸುದ್ದಿ ಏಷ್ಯಾದುದ್ದಕ್ಕೂ ಮಿಂಚಿನಂತೆ ಹರಿಯಿತು. ಬಾಲಕ ನೆಹರೂ ಹಿಗ್ಗಿದ್ದನ್ನು ಮುಂದೆ ಆತ್ಮಕಥೆಯಲ್ಲಿ ಬರೆದುಕೊಂಡರು. ಬಿಳಿಯರನ್ನು ಸೋಲಿಸಬಹುದು ಎಂಬ ಭರವಸೆ ಗುಲಾಮ ದೇಶಗಳಿಗೆಲ್ಲ ಸಿಕ್ಕಿತು. ಆ ಹಿಗ್ಗಿನಲ್ಲಿ ಕೊರಿಯಾದ ದನಿ ಯಾರಿಗೂ ಕೇಳಲಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ಕೊರಿಯಾ ಜಪಾನಿನ ‘ಸಂರಕ್ಷಿತ’ ದೇಶವಾಯಿತು, 1910ರಲ್ಲಿ ನಕ್ಷೆಯಿಂದಲೇ ಅಳಿಯಿತು.

ಟೋಕಿಯೊದ ಜನ ಮಾತ್ರ 1905ರ ಸೆಪ್ಟೆಂಬರಿನಲ್ಲಿ ಕೆರಳಿ ಕೆಂಡವಾಗಿದ್ದರು. 80 ಸಾವಿರಕ್ಕೂ ಹೆಚ್ಚು ಸೈನಿಕರು ಸತ್ತಿದ್ದಾರೆ, ರಷ್ಯಾದಿಂದ ಮಾತ್ರ ಬಿಡಿಗಾಸು ದಂಡ ಬಂದಿಲ್ಲ! ಹಿಬಿಯಾ ಉದ್ಯಾನದಲ್ಲಿ ಸೇರಿದ ಗುಂಪು ಪೊಲೀಸ್ ಚೌಕಿಗಳಿಗೆ ಬೆಂಕಿಯಿಟ್ಟಿತು, ನಗರ ಸೇನೆಯ ವಶಕ್ಕೆ ಹೋಯಿತು. ಸಾಮ್ರಾಜ್ಯದ ಹಂಬಲ ಸೇನಾಧಿಕಾರಿಗಳದ್ದಷ್ಟೇ ಅಲ್ಲ ಎಂಬುದಕ್ಕೆ ಇದು ಪುರಾವೆ. ಪತ್ರಿಕೆಗಳು ಗೆಲುವಿನ ಸುದ್ದಿ ಮಾರಿ ಬೆಳೆದಿದ್ದವು. ಮಗನನ್ನು ಕಳೆದುಕೊಂಡ ಮನೆಗೆ ಆ ಸಾವಿಗೊಂದು ಬೆಲೆ ಸಿಗಬೇಕಿತ್ತು. ಮಂಚೂರಿಯಾದಲ್ಲಿ ಸುರಿದ ರಕ್ತದ ಲೆಕ್ಕ ಮುಂದಿನ ಮೂವತ್ತು ವರ್ಷ ಪ್ರತಿ ಚರ್ಚೆಯ ಬಾಯಿ ಮುಚ್ಚಿಸಿತು.

ವಸಾಹತು ಕೈಗೆ ಬಂದ ಮೇಲೆ ಅದು ಬೇಕೇಬೇಕು ಅನ್ನಿಸುವಂತೆ ಮಾಡುವ ಕೆಲಸ ನಡೆಯಿತು. ವೈದ್ಯನಾಗಿದ್ದು ಆಡಳಿತಗಾರನಾದ ಗೊತೊ ಶಿಂಪೆಯ್ ತೈವಾನಿನಲ್ಲಿ ರೈಲು, ಬಂದರು, ಭೂಮಾಪನ ಮಾಡಿಸಿದ. ಎದುರು ನಿಂತವರು ಸಾವಿರಗಟ್ಟಲೆ ಪ್ರಾಣ ತೆತ್ತರು. 1900ರಲ್ಲಿ ಮಿತ್ಸುಯಿ ಮನೆತನದ ಹಣ, ಸರ್ಕಾರದ ಸಹಾಯಧನ ಎರಡರಿಂದ ತೈವಾನ್ ಸಕ್ಕರೆ ಕಂಪನಿ ನಿಂತಿತು. ದ್ವೀಪವನ್ನು ಹಂಚಿ ಒಂದೊಂದು ಸೀಮೆಯನ್ನು ಒಂದೊಂದು ಕಾರ್ಖಾನೆಗೆ ಮೀಸಲಿಟ್ಟರು. ಆ ಸೀಮೆಯ ರೈತ ಕಬ್ಬನ್ನು ಬೇರೆಲ್ಲಿಗೂ ಮಾರುವಂತಿಲ್ಲ. ದರ ಕಾರ್ಖಾನೆಯದು, ತಕ್ಕಡಿಯೂ ಅದರದೇ. ಕಬ್ಬು ಬೆಳೆದು ಕಂಪನಿಯ ತಕ್ಕಡಿಗೆ ಹಾಕುವವನಿಗಿಂತ ಪೆದ್ದನಿಲ್ಲ ಎಂಬ ಗಾದೆಯೇ ತೈವಾನಿನಲ್ಲಿ ಹುಟ್ಟಿತು. ಮಂಡ್ಯದ ರೈತನಿಗೆ ಇದನ್ನು ವಿವರಿಸಬೇಕಿಲ್ಲ. ಇಷ್ಟಾಗಿ ಜಪಾನಿನ ಸಾಮಾನ್ಯರಿಗೆ ಸಕ್ಕರೆ ಅಗ್ಗವಾಯಿತೇ? ಇಲ್ಲ. ಜಾವಾದ ಸಕ್ಕರೆ ಇನ್ನೂ ಕಡಿಮೆಗೆ ಸಿಗುತ್ತಿತ್ತು. ಸುಂಕದ ಗೋಡೆ ಕಟ್ಟಿ ಅದನ್ನು ಹೊರಗಿಟ್ಟರು.

ಅಕ್ಕಿಯ ಕಥೆ ಇನ್ನೂ ಕಹಿ. 1918ರ ಜುಲೈನಲ್ಲಿ ತೊಯಾಮಾದ ಮೀನುಗಾರರ ಹೆಂಡಂದಿರು, ತಮ್ಮ ಊರಿನ ಅಕ್ಕಿಯನ್ನು ಹಡಗಿಗೆ ತುಂಬಿ ಸಾಗಿಸಬೇಡಿ ಎಂದು ಅಡ್ಡ ನಿಂತರು. ಬೆಲೆ ಕೈಗೆಟುಕದಷ್ಟು ಏರಿತ್ತು. ಅಲ್ಲಿಂದ ಗಲಭೆ ದೇಶವಿಡೀ ಹಬ್ಬಿ ಸರ್ಕಾರವೇ ಬಿತ್ತು. ಪರಿಹಾರಕ್ಕೆಂದು ಕೊರಿಯಾ, ತೈವಾನುಗಳಲ್ಲಿ ಅಕ್ಕಿ ಹೆಚ್ಚಿಸುವ ಯೋಜನೆ ಬಂತು. ಕೊರಿಯಾದ ಅಕ್ಕಿ ಜಪಾನಿಗೆ ಹರಿಯಿತು, ಬೆಳೆದವರ ತಟ್ಟೆಯಲ್ಲಿ ಅಕ್ಕಿ ಕಡಿಮೆಯಾಗಿ ಮಂಚೂರಿಯಾದಿಂದ ಬಂದ ನವಣೆ ಬಿದ್ದಿತು. ಇತ್ತ ಅಗ್ಗದ ಅಕ್ಕಿ ಬಂದು ಸುರಿದಾಗ ಜಪಾನಿನ ರೈತನ ಭತ್ತಕ್ಕೆ ಬೆಲೆಯಿಲ್ಲದಾಯಿತು. ವಸಾಹತು ತಂದವರ ಹಳ್ಳಿಯನ್ನೇ ವಸಾಹತಿನ ಅಕ್ಕಿ ಬಡವಾಗಿಸಿತು. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ.

ಇದನ್ನೆಲ್ಲ ಕಂಡು ಎಚ್ಚರಿಸಿದವರು ಜಪಾನಿನಲ್ಲೇ ಇದ್ದರು, ಅವರನ್ನು ಮರೆಯುವುದು ಅನ್ಯಾಯ. ಹಾಬ್ಸನ್‌ಗಿಂತ ಒಂದು ವರ್ಷ ಮೊದಲೇ, 1901ರಲ್ಲಿ, ಕೊತೊಕು ಶೂಸುಯಿ ಎಂಬ ಪತ್ರಕರ್ತ ಸಾಮ್ರಾಜ್ಯಶಾಹಿಯನ್ನು ಇಪ್ಪತ್ತನೇ ಶತಮಾನದ ರಾಕ್ಷಸ ಎಂದು ಕರೆದು ಪುಸ್ತಕ ಬರೆದ. ಅದು ಹುಟ್ಟುವುದು ದೇಶಭಕ್ತಿಯ ಉನ್ಮಾದ ಮತ್ತು ಸೇನೆಯ ಹಿಡಿತ ಎರಡೂ ಹೆಣೆದುಕೊಂಡಾಗ ಎಂಬುದು ಅವನ ವಾದ. ಹತ್ತು ವರ್ಷಕ್ಕೆ, ಚಕ್ರವರ್ತಿಯ ಕೊಲೆಸಂಚಿನ ಆರೋಪದ ಮೇಲೆ ಅವನನ್ನು ಗಲ್ಲಿಗೇರಿಸಲಾಯಿತು.

ಇನ್ನೊಬ್ಬ ಇಶಿಬಾಶಿ ತಾನ್‌ಜಾನ್. ಆರ್ಥಿಕ ಪತ್ರಿಕೆಯ ಸಂಪಾದಕ, ಲೆಕ್ಕದ ಮನುಷ್ಯ. 1921ರಲ್ಲಿ ಅವನು ಓದುಗರ ಮುಂದೆ ಅಂಕಿಗಳನ್ನು ಹರಡಿದ. ಹಿಂದಿನ ವರ್ಷ ಕೊರಿಯಾ, ತೈವಾನ್, ಮಂಚೂರಿಯಾದ ಗುತ್ತಿಗೆ ಪ್ರದೇಶ ಮೂರೂ ಸೇರಿ ಜಪಾನ್ ಮಾಡಿದ ವ್ಯಾಪಾರ ಸುಮಾರು 90 ಕೋಟಿ ಯೆನ್. ಅಮೆರಿಕ ಒಂದರ ಜೊತೆಗಿನ ವ್ಯಾಪಾರವೇ 140 ಕೋಟಿಗೂ ಮೀರಿದ್ದು, ಭಾರತದೊಂದಿಗೆ ಸುಮಾರು 58 ಕೋಟಿ. ಅಮೆರಿಕವನ್ನಾಗಲಿ ಭಾರತವನ್ನಾಗಲಿ ಜಪಾನ್ ಗೆದ್ದಿರಲಿಲ್ಲ. ವ್ಯಾಪಾರಕ್ಕೆ ಬೇಕಾದದ್ದು ಸ್ನೇಹ, ನೆಲವಲ್ಲ; ಕೊರಿಯಾ, ತೈವಾನ್, ಮಂಚೂರಿಯಾ ಎಲ್ಲವನ್ನೂ ಬಿಟ್ಟುಬಿಡೋಣ ಎಂದ. ಅಂಕಿ ತಪ್ಪೆಂದು ತೋರಿಸಿದವರಿಲ್ಲ. ಆದರೂ ಅವನ ಮಾತು ನಡೆಯಲಿಲ್ಲ. ಇದೇ ಇಶಿಬಾಶಿ 1956ರ ಡಿಸೆಂಬರಿನಲ್ಲಿ ಜಪಾನಿನ ಪ್ರಧಾನಿಯಾದ, ಕಾಯಿಲೆಯಿಂದ ಎರಡೇ ತಿಂಗಳಿಗೆ ಇಳಿಯಬೇಕಾಯಿತು.

ಭಾರತದ ಹೆಸರು ಆ ಪಟ್ಟಿಯಲ್ಲಿ ಅಷ್ಟು ಮೇಲೆ ಬಂದದ್ದು ಹತ್ತಿಯಿಂದ. 1893ರಲ್ಲಿ ಜಮ್ಷೆಡ್‌ಜಿ ಟಾಟಾ ಜಪಾನಿಗೆ ಹೋಗಿದ್ದರು. ಬ್ರಿಟಿಷ್ ಹಡಗು ಕಂಪನಿಯ ಬಾಡಿಗೆಯ ಬಿಗಿಹಿಡಿತ ಸಡಿಲಿಸಲು ಅವರೂ ಜಪಾನಿನ ನಿಪ್ಪಾನ್ ಯೂಸೆನ್ ಕಂಪನಿಯೂ ಕೈಜೋಡಿಸಿ ಬೊಂಬಾಯಿ–ಕೋಬೆ ನಡುವೆ ಹಡಗು ಹೊರಡಿಸಿದರು. ದೂರದ ಮಾರ್ಗದಲ್ಲಿ ಆ ಕಂಪನಿಯ ಹಡಗು ಓಡಿದ್ದು ಅದೇ ಮೊದಲು. ಒಸಾಕಾದ ಗಿರಣಿಗಳ ದಪ್ಪ ನೂಲಿಗೆ ನಮ್ಮ ಗಿಡ್ಡ ಎಳೆಯ ಹತ್ತಿ ಸರಿಹೊಂದುತ್ತಿತ್ತು. ಆ ನಂಟು ಬೆಂಗಳೂರಿಗೂ ಬಂತು. 1890ರ ದಶಕದ ಕೊನೆಯಲ್ಲಿ ಜಪಾನಿ ತಜ್ಞರನ್ನು ಕರೆಸಿ, ಮೈಸೂರು ಸರ್ಕಾರದ ನೆರವಿನಿಂದ ಟಾಟಾ ರೇಷ್ಮೆ ತೋಟ ತೆರೆದರು. ಬಸವನಗುಡಿಯ ಕಡೆ ಟಾಟಾ ಸಿಲ್ಕ್ ಫಾರ್ಮ್ ಎಂಬ ಹೆಸರು ಈಗಲೂ ಉಳಿದಿದೆ. 1898ರಲ್ಲಿ ಬೊಂಬಾಯಿ ಪ್ರಾಂತ್ಯದ ಎಂಜಿನಿಯರಾಗಿದ್ದ ವಿಶ್ವೇಶ್ವರಯ್ಯನವರು ಜಪಾನನ್ನು ಸುತ್ತಿ ನೋಡಿ ಬಂದರು. ಅಲ್ಲಿನ ಶಾಲೆ, ಕಾರ್ಖಾನೆ, ಶಿಸ್ತು ಅವರ ಮನಸ್ಸಿನಲ್ಲಿ ಕೊನೆತನಕ ಉಳಿಯಿತು. ಹೀಗೆ ಏಷ್ಯಾದವರು ಜಪಾನಿನಿಂದ ಕಲಿಯಲು ಸಿದ್ಧರಿದ್ದರು, ಯಾವ ಫಿರಂಗಿಯೂ ಬೇಕಿರಲಿಲ್ಲ. 1916ರಲ್ಲಿ ರವೀಂದ್ರನಾಥ ಠಾಕೂರರು ಜಪಾನಿಗೇ ಹೋಗಿ, ಪಶ್ಚಿಮದ ರಾಷ್ಟ್ರವಾದದ ಹಸಿವನ್ನು ಅನುಕರಿಸಬೇಡಿ ಎಂದು ಎಚ್ಚರಿಸಿದರು. ಅವರಿಗೆ ಸಿಕ್ಕ ಆರಂಭದ ಜಯಕಾರ ಆಮೇಲೆ ತಣ್ಣಗಾಯಿತು.

ಇಶಿಬಾಶಿಯ ಲೆಕ್ಕ ನಿಂತಿದ್ದುದು ತೆರೆದ ಮಾರುಕಟ್ಟೆಯ ಮೇಲೆ. 1929ರ ಆರ್ಥಿಕ ಕುಸಿತದ ಬಳಿಕ ಬಾಗಿಲುಗಳು ಒಂದೊಂದಾಗಿ ಮುಚ್ಚಿದವು. ಅಮೆರಿಕ 1930ರಲ್ಲಿ ಸುಂಕದ ಗೋಡೆ ಎತ್ತರಿಸಿತು. 1933ರಲ್ಲಿ ಬ್ರಿಟಿಷ್ ಭಾರತ ಜಪಾನಿನ ಹತ್ತಿ ಬಟ್ಟೆಗೆ ಶೇ. 75 ಸುಂಕ ಹೇರಿತು. ಸಿಟ್ಟಿಗೆದ್ದ ಜಪಾನಿ ಗಿರಣಿಗಳು ಭಾರತದ ಹತ್ತಿ ಕೊಳ್ಳುವುದನ್ನೇ ನಿಲ್ಲಿಸಿದವು. ಮರುವರ್ಷ ರಾಜಿಯಾಯಿತು: 15 ಲಕ್ಷ ಬೇಲು ಹತ್ತಿ ಕೊಂಡರೆ 40 ಕೋಟಿ ಗಜ ಬಟ್ಟೆ ಮಾರಬಹುದು. ಮೈಸೂರು ಸೀಮೆಯ ರೇಷ್ಮೆ ಬೆಳೆಗಾರರೂ ಆ ವರ್ಷಗಳಲ್ಲಿ ಜಪಾನಿನ ಅಗ್ಗದ ರೇಷ್ಮೆಯ ಹೊಡೆತಕ್ಕೆ ತತ್ತರಿಸಿದ್ದರು.

ಅಗ್ಗವಾಗಲು ಕಾರಣ ನ್ಯೂಯಾರ್ಕಿನಲ್ಲಿತ್ತು, ಹೊಡೆತ ಬಿದ್ದದ್ದು ನಾಗಾನೊದಂಥ ರೇಷ್ಮೆಯ ಸೀಮೆಗಳಿಗೆ. ಜಪಾನಿನ ಕಚ್ಚಾ ರೇಷ್ಮೆಯ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಪಾಲು ಹೋಗುತ್ತಿದ್ದುದು ಅಮೆರಿಕಕ್ಕೆ, ಅಲ್ಲಿನ ಹೆಂಗಸರ ಕಾಲುಚೀಲಕ್ಕೆ. ನ್ಯೂಯಾರ್ಕ್ ಷೇರುಪೇಟೆ ಕುಸಿದ ಮೇಲೆ ರೇಷ್ಮೆಯ ದರ ಅರ್ಧಕ್ಕಿಂತ ಕೆಳಗಿಳಿಯಿತು. ಐದು ರೈತ ಮನೆಗಳಲ್ಲಿ ಎರಡು ಹುಳು ಸಾಕುತ್ತಿದ್ದ ದೇಶ. ಅಕ್ಕಿಗೂ ಬೆಲೆಯಿಲ್ಲ, ಗೂಡಿಗೂ ಬೆಲೆಯಿಲ್ಲ. ಈಶಾನ್ಯದ ಹಳ್ಳಿಗಳಲ್ಲಿ ಹೆತ್ತವರು ಸಾಲಕ್ಕೆ ಮಗಳನ್ನು ಮಾರಿದರು. ಸೇನೆಯ ಕೆಳದರ್ಜೆ ತುಂಬಿದ್ದುದು ಇದೇ ಮನೆಗಳ ಗಂಡುಮಕ್ಕಳಿಂದ. ಅವರ ಕಿರಿಯ ಅಧಿಕಾರಿಗಳು ಈ ನೋವನ್ನು ಕಂಡಿದ್ದರು, ತಪ್ಪು ಔಷಧಿ ಬರೆದರು. ಮಂಚೂರಿಯಾ ಜಪಾನಿನ ಜೀವನಾಡಿ ಎಂಬ ಮಾತು ಮನೆಮಾತಾಯಿತು.

1931ರ ಸೆಪ್ಟೆಂಬರ್ 18ರ ರಾತ್ರಿ ಮುಕ್ಡೆನ್ ಬಳಿ ರೈಲು ಹಳಿಯಲ್ಲಿ ಸ್ಫೋಟವಾಯಿತು. ಸಿಡಿಸಿದವರು ಮಂಚೂರಿಯಾದಲ್ಲಿದ್ದ ಜಪಾನಿನ ಕ್ವಾಂಟುಂಗ್ ಸೇನೆಯವರೇ, ದೂರಿದ್ದು ಚೀನೀಯರನ್ನು. ಇಶಿವಾರಾ ಕಾಂಜಿ, ಇತಾಗಾಕಿ ಸೆಯ್‌ಶಿರೊ ಎಂಬ ಅಧಿಕಾರಿಗಳ ಸಂಚಿದು. ಟೋಕಿಯೊ ಸರ್ಕಾರ ತಡೆಯಲು ನೋಡಿತು, ಸೇನೆ ಕೇಳದೆ ಮಂಚೂರಿಯಾವನ್ನೇ ಹಿಡಿಯಿತು, ಜನ ಸೇನೆಗೆ ಜೈ ಎಂದರು. ಮರುವರ್ಷ ಪ್ರಧಾನಿ ಇನುಕಾಯಿ ತ್ಸುಯೊಶಿಯನ್ನು ನೌಕಾಪಡೆಯ ಯುವ ಅಧಿಕಾರಿಗಳು ಅವರ ನಿವಾಸದಲ್ಲೇ ಕೊಂದರು. ಅದಕ್ಕೂ ಮುಂಚೆ ಮಿತ್ಸುಯಿ ಉದ್ಯಮದ ಮುಖ್ಯಸ್ಥ ದಾನ್ ತಾಕುಮಾ ಉಗ್ರ ರಾಷ್ಟ್ರವಾದಿಯೊಬ್ಬನ ಗುಂಡಿಗೆ ಬಲಿಯಾಗಿದ್ದ. ಬಂಡವಾಳಗಾರರೇ ಸಾಮ್ರಾಜ್ಯದ ಸೂತ್ರಧಾರರು ಎನ್ನುವವರು ಈ ಸಾವನ್ನು ಯೋಚಿಸಬೇಕು. ಅವರು ಲಾಭ ಪಡೆದದ್ದು ನಿಜ, ಲಗಾಮು ಮಾತ್ರ ಅವರ ಕೈಯಲ್ಲಿರಲಿಲ್ಲ. ಮುಂದಿನದು, ನಾಂಜಿಂಗಿನ ನರಮೇಧದಿಂದ ಹಿರೋಶಿಮಾದವರೆಗೆ, ಲೋಕಕ್ಕೆ ಗೊತ್ತಿರುವ ಕಥೆ.

ಕಡಿಮೆ ಗೊತ್ತಿರುವುದು ಬಡ ರೈತರನ್ನು ಮಂಚೂರಿಯಾಕ್ಕೆ ಸಾಗಿಸಿದ ಕಥೆ. ಸುಮಾರು 2.7 ಲಕ್ಷ ಜನ ಹೋದರು. ಎಲ್ಲ ಪ್ರಾಂತ್ಯಗಳಿಗಿಂತ ಹೆಚ್ಚು ಜನ ಹೋದದ್ದು ನಾಗಾನೊದಿಂದ, ವಾದಾ ಎಯ್‌ಳ ನಾಡಿನಿಂದ. ಅಲ್ಲಿನ ಒಹಿನಾತಾ ಎಂಬ ಬೆಟ್ಟದ ಹಳ್ಳಿ 1938ರಲ್ಲಿ ತನ್ನನ್ನೇ ಎರಡಾಗಿ ಸೀಳಿಕೊಂಡು ಒಂದು ಭಾಗವನ್ನು ಹೊಸ ನೆಲಕ್ಕೆ ಕಳಿಸಿತು. ದೇಶಕ್ಕೇ ಮಾದರಿ ಎಂದು ಅದನ್ನು ಮೆರೆಸಿದರು. ಹೋಗಿ ನೋಡಿದರೆ ಅದು ಬೀಳು ಭೂಮಿಯಲ್ಲ, ಚೀನೀ ರೈತರನ್ನು ಎಬ್ಬಿಸಿ ಖಾಲಿ ಮಾಡಿಸಿದ ಉತ್ತ ಹೊಲ.

1945ರ ಆಗಸ್ಟ್ 9ರಂದು ಸೋವಿಯತ್ ಸೇನೆ ನುಗ್ಗಿತು. ಕಾಯಬೇಕಿದ್ದ ಕ್ವಾಂಟುಂಗ್ ಸೇನೆ ಹಿಂದೆ ಸರಿಯಿತು. ಪ್ರಾಯದ ಗಂಡಸರನ್ನು ಅದಾಗಲೇ ಸೈನ್ಯಕ್ಕೆ ಸೇರಿಸಿಕೊಂಡಿದ್ದರಿಂದ ಹಳ್ಳಿಯಲ್ಲಿ ಉಳಿದಿದ್ದವರು ಹೆಂಗಸರು, ಮಕ್ಕಳು, ಮುದುಕರು. ಚಳಿಗಾಲದ ಹಸಿವು, ಟೈಫಸ್ ಜ್ವರದಲ್ಲಿ ಬಹಳ ಮಂದಿ ಅಲ್ಲೇ ಸತ್ತರು. ಬದುಕಿ ಮರಳಿದವರಿಗೆ ತವರಿನಲ್ಲಿ ಉಳಲು ಹೊಲ ಉಳಿದಿರಲಿಲ್ಲ. ಅವರಲ್ಲಿ ಕೆಲವರು 1947ರಲ್ಲಿ ಕರುಯಿಜಾವಾದ ಹತ್ತಿರ, ಅಸಾಮಾ ಜ್ವಾಲಾಮುಖಿಯ ತಪ್ಪಲಿನ ಬೂದಿಮಣ್ಣಿನಲ್ಲಿ, ಮರದ ಬೇರು ಕಿತ್ತು ಮತ್ತೆ ಹೊಲ ಮಾಡತೊಡಗಿದರು. ಆ ಜಾಗಕ್ಕೂ ಒಹಿನಾತಾ ಎಂದೇ ಹೆಸರಿಟ್ಟರು.